ಅಕ್ರೊಪೊಲಿಸ್‌ನ ಛಾಯಾಚಿತ್ರಗಳು: ಉಳಿದ ಮತ್ತು ಅಳಿದ ಇತಿಹಾಸದ ದಾಖಲೆ

ಗ್ರೀಸ್ ದೇಶದ ಅಥೆನ್ಸ್ ನಗರದ ನಡುವೆ, ಸಮುದ್ರಮಟ್ಟದಿಂದ ಸುಮಾರು 156 ಮೀಟರ್ ಎತ್ತರದ ಸುಣ್ಣಕಲ್ಲಿನ ಬಂಡೆಯ ನೆತ್ತಿಯ ಮೇಲೆ ನಿಂತಿರುವ ಅಕ್ರೊಪೊಲಿಸ್ ಎಂಬ ಸ್ಮಾರಕ ಸಮುಚ್ಚಯವು ವಾಸ್ತುಶಿಲ್ಪದ ವಿದ್ಯಾರ್ಥಿಗಳಿಗೆ ಚಿರಪರಿಚಿತವಾದುದು. ಅಲ್ಲಿನ ಪಾರ್ಥೆನಾನ್ ದೇಗುಲದ ಛಾಯಾಚಿತ್ರವನ್ನು ಒಳಗೊಳ್ಳದ ಕಲಾ ಇತಿಹಾಸದ ಗ್ರಂಥ ದುರ್ಲಭ. ಆ ಚಿತ್ರಗಳ ಕೆಳಗೆ ಸಾಮಾನ್ಯವಾಗಿ ‘ಕ್ರಿ.ಪೂ. 5ನೆಯ ಶತಮಾನ’ ಎಂದು ಮುದ್ರಿಸಿರುತ್ತಾರೆ. ಕಟ್ಟಡಕ್ಕೆ ಸಂಬಂಧಿಸಿದಂತೆ ಈ ಕಾಲನಿರ್ದೇಶನ ಸರಿಯಾದುದೇ. ಆದರೆ ಚಿತ್ರಕ್ಕೆ ಸಂಬಂಧಿಸಿದಂತೆ ಅದು ಸಾಲದು. ಚಿತ್ರವು ತೋರಿಸುವುದು ಪೆರಿಕ್ಲಿಸನ ಕಾಲದ ಅಥೆನ್ಸನ್ನಲ್ಲ; 1839ರ ಅನಂತರದ ಯಾವುದೋ ಒಂದು ದಿನ, ಯಾವುದೋ ಒಂದು ಗಳಿಗೆಯಲ್ಲಿ ಆ ಬೆಟ್ಟ ಇದ್ದ ಸ್ಥಿತಿಯನ್ನು. ಆ ದಿನಕ್ಕೂ ಇಂದಿಗೂ ನಡುವೆ ಬೆಟ್ಟದ ಮೇಲೆ ಕೆಡವಿದ್ದು, ಅಗೆದದ್ದು, ಮತ್ತೆ ನಿಲ್ಲಿಸಿದ್ದು ಕಡಮೆಯೇನಲ್ಲ. ಈ ಬದಲಾವಣೆಗಳಿಗೆ ಛಾಯಾಚಿತ್ರವು ಎಷ್ಟರಮಟ್ಟಿಗೆ ಸಾಕ್ಷಿ, ಆ ಸಾಕ್ಷ್ಯವನ್ನು ಸಂಶೋಧಕನು ಹೇಗೆ ಓದಬೇಕು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಮೊದಲಿಗೆ ಸ್ಮಾರಕದ ಚರಿತ್ರೆಯನ್ನು ಸಂಕ್ಷೇಪವಾಗಿ ನೋಡಬಹುದು. ಪಾರ್ಥೆನಾನ್ ದೇಗುಲದ ನಿರ್ಮಾಣ ಕ್ರಿ.ಪೂ. 447ರಲ್ಲಿ ಆರಂಭವಾಗಿ 438ರ ವೇಳೆಗೆ ಮುಗಿಯಿತು. ಶಿಲ್ಪಕಾರ್ಯ 432ರವರೆಗೆ ಮುಂದುವರಿಯಿತು. ವಾಸ್ತುಶಿಲ್ಪಿಗಳು ಇಕ್ಟಿನಸ್ ಮತ್ತು ಕ್ಯಾಲಿಕ್ರೇಟಿಸ್. ಶಿಲ್ಪಕಾರ್ಯದ ಮೇಲ್ವಿಚಾರಕ ಫಿಡಿಯಾಸ್. ಮ್ನೆಸಿಕ್ಲಿಸನ ಪ್ರೊಪಿಲಿಯಾ ಎಂಬ ಮಹಾದ್ವಾರ, ಅಥೀನಾ ನೈಕಿಯ ಪುಟ್ಟ ಗುಡಿ, ಕಂಬಗಳ ಬದಲು ಸ್ತ್ರೀಮೂರ್ತಿಗಳು ಚಾವಣಿಯನ್ನು ಹೊತ್ತಿರುವ ಎರೆಕ್ಥಿಯಾನ್, ಇವೆಲ್ಲ ಅದೇ ಶತಮಾನದ ಉತ್ತರಾರ್ಧದವು. ಇಲ್ಲಿಗೆ ಪಠ್ಯಪುಸ್ತಕಗಳ ಕಥೆ ಬಹುಮಟ್ಟಿಗೆ ಮುಗಿಯುತ್ತದೆ. ಆದರೆ ಕಟ್ಟಡದ ಆಯುಷ್ಯ ಅಲ್ಲಿಗೆ ಮುಗಿಯಲಿಲ್ಲ. ಕ್ರಿ.ಶ. 6ನೆಯ ಶತಮಾನದ ಸುಮಾರಿಗೆ ಪಾರ್ಥೆನಾನ್ ಕ್ರೈಸ್ತ ಚರ್ಚಾಯಿತು. 1204ರ ನಾಲ್ಕನೆಯ ಧರ್ಮಯುದ್ಧದ ಬಳಿಕ ಅಥೆನ್ಸ್ ಪಶ್ಚಿಮ ಯೂರೋಪಿನ ಸಾಮಂತರ ಕೈಗೆ ಸಿಕ್ಕಿ, ಬೆಟ್ಟವು ಡ್ಯೂಕರ ಕೋಟೆಯಾಯಿತು. 15ನೆಯ ಶತಮಾನದ ನಡುವಿನಲ್ಲಿ ಅದು ಆಟೊಮನ್ ತುರ್ಕರ ವಶವಾಗಿ, ಚರ್ಚು ಮಸೀದಿಯಾಯಿತು. ಒಂದೇ ಕಟ್ಟಡದಲ್ಲಿ ಮೂರು ಮತಗಳ ಆರಾಧನೆ ಒಂದಾದ ಮೇಲೊಂದರಂತೆ, ಒಟ್ಟು ಎರಡು ಸಾವಿರ ವರ್ಷಗಳಿಗೂ ಮಿಕ್ಕಿ ನಡೆದುಬಂದಿತೆಂಬುದು ಗಮನಾರ್ಹ. ದೇಗುಲವಾಗಿದ್ದಷ್ಟೇ ದೀರ್ಘಕಾಲ ಅದು ಚರ್ಚು ಮತ್ತು ಮಸೀದಿಯಾಗಿತ್ತು.

1687ರ ಸೆಪ್ಟೆಂಬರ್ 26ರಂದು, ಫ್ರಾನ್ಸೆಸ್ಕೊ ಮೊರೊಸಿನಿಯ ನಾಯಕತ್ವದ ವೆನಿಸ್ ಸೇನೆ ಹಾರಿಸಿದ ಗುಂಡೊಂದು ಪಾರ್ಥೆನಾನಿನೊಳಗಿದ್ದ ತುರ್ಕರ ಮದ್ದಿನ ಸಂಗ್ರಹಕ್ಕೆ ತಾಗಿ, ಅಲ್ಲಿಯವರೆಗೆ ಬಹುಮಟ್ಟಿಗೆ ಇಡಿಯಾಗಿದ್ದ ಕಟ್ಟಡ ನಡುವೆ ಸಿಡಿದು ಇಬ್ಭಾಗವಾಯಿತು. ತರುವಾಯ ಆ ಭಗ್ನಾವಶೇಷದ ಒಳಗೇ ತುರ್ಕರು ಒಂದು ಸಣ್ಣ ಮಸೀದಿಯನ್ನು ಕಟ್ಟಿಕೊಂಡರು. 19ನೆಯ ಶತಮಾನದ ಆರಂಭದಲ್ಲಿ ಬ್ರಿಟಿಷ್ ರಾಯಭಾರಿ ಲಾರ್ಡ್ ಎಲ್ಗಿನ್‌ನ ಜನ ಉಳಿದಿದ್ದ ಶಿಲ್ಪಗಳಲ್ಲಿ ಸುಮಾರು ಅರ್ಧದಷ್ಟನ್ನು ಕಿತ್ತು ಸಾಗಿಸಿದರು. 1816ರಲ್ಲಿ ಅವು ಬ್ರಿಟಿಷ್ ಮ್ಯೂಸಿಯಂ ಸೇರಿದವು. ಮೂಲದಲ್ಲಿ 160 ಮೀಟರ್ ಉದ್ದವಿದ್ದ ಉಬ್ಬುಶಿಲ್ಪ ಪಟ್ಟಿಕೆಯ ಸುಮಾರು 75 ಮೀಟರ್ ಭಾಗ ಅಲ್ಲಿದೆ. ಛಾಯಾಚಿತ್ರಕಲೆ ಪ್ರಕಟವಾದದ್ದು ಇದಾದ 23 ವರ್ಷಗಳಿಗೆ. ಆದುದರಿಂದ ಈ ಶಿಲ್ಪಗಳು ತಮ್ಮ ಮೂಲಸ್ಥಾನದಲ್ಲಿದ್ದ ಒಂದು ಛಾಯಾಚಿತ್ರವೂ ಇಲ್ಲ. ಅವುಗಳ ಬಗೆಗೆ ನಮಗಿರುವ ಪ್ರಮುಖ ಚಿತ್ರಾಧಾರವೆಂದರೆ, 1674ರಲ್ಲಿ ಫ್ರೆಂಚ್ ರಾಯಭಾರಿ ನ್ವಾಂತೆಲ್ ಬರೆಯಿಸಿದ, ಜಾಕ್ ಕ್ಯಾರಿ ಎಂಬ ಕಲಾವಿದನದೆಂದು ಹೇಳಲಾಗುವ ರೇಖಾಚಿತ್ರಗಳು. ಸ್ಫೋಟಕ್ಕೆ ಕೇವಲ 13 ವರ್ಷ ಮೊದಲು ಅವು ರಚನೆಗೊಂಡದ್ದು ಕಲಾ ಇತಿಹಾಸದ ಭಾಗ್ಯ.

ಮೊದಲ ಫಲಕಗಳು

ಡಾಗೆರೊಟೈಪ್ ವಿಧಾನದ ವಿವರಗಳು ಪ್ಯಾರಿಸಿನಲ್ಲಿ 1839ರ ಆಗಸ್ಟ್ 19ರಂದು ಬಹಿರಂಗವಾದವು. ಅದೇ ಅಕ್ಟೋಬರಿನಲ್ಲಿ ಕ್ಯಾಮರಾ ಅಕ್ರೊಪೊಲಿಸ್‌ನ ಮೇಲಿತ್ತು. ಅದನ್ನು ಅಲ್ಲಿಗೆ ಒಯ್ದವನು ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ ಕೆನಡಾದಲ್ಲಿ ಜಮೀನುದಾರನಾಗಿದ್ದ ಪಿಯೆರ್ ಗುಸ್ತಾವ್ ಜೋಲಿ ದ ಲೊಬಿನಿಯೇರ್. ಬೆಳ್ಳಿಯ ಲೇಪವುಳ್ಳ ತಾಮ್ರದ ಫಲಕಗಳ ಮೇಲೆ ಅವನು ತೆಗೆದ ಮೂಲಚಿತ್ರಗಳು ಇಂದು ಉಳಿದಿಲ್ಲ. ಅವುಗಳಲ್ಲಿ ಕೆಲವನ್ನು ಆಧರಿಸಿ ಲೆರೆಬೂರ್ ಎಂಬ ಪ್ರಕಾಶಕ ಪ್ಯಾರಿಸಿನಲ್ಲಿ ಪ್ರಕಟಿಸಿದ ಕೆತ್ತನೆಮುದ್ರಣಗಳು ಮಾತ್ರ ಲಭ್ಯ. ಪಾರ್ಥೆನಾನಿನ ಚಿತ್ರದಲ್ಲಿ ಕಂಬಗಳ ನಡುವೆ ಗುಮ್ಮಟವುಳ್ಳ ಆ ಸಣ್ಣ ಮಸೀದಿ ಸ್ಪಷ್ಟವಾಗಿ ಕಾಣುತ್ತದೆ. 1840ರ ದಶಕದ ಆರಂಭದಲ್ಲಿ ಅದನ್ನು ತೆಗೆದುಹಾಕಲಾಯಿತು. ಹೀಗೆ, ಅಕ್ರೊಪೊಲಿಸ್‌ನ ಮೊಟ್ಟಮೊದಲ ಛಾಯಾಚಿತ್ರವೇ ಇನ್ನು ಮೂರು ನಾಲ್ಕು ವರ್ಷಗಳಲ್ಲಿ ಇಲ್ಲವಾಗಲಿದ್ದ ಕಟ್ಟಡವೊಂದರ ದಾಖಲೆಯಾಯಿತು. ಅವನು ಅಲ್ಲಿಗೆ ಹೋದದ್ದು ಪ್ರಾಚೀನ ಗ್ರೀಸನ್ನು ಕಾಣಲು. ಅವನ ಫಲಕ ಹಿಡಿದು ತಂದದ್ದು ಆಟೊಮನ್ ಅಥೆನ್ಸನ್ನೂ ಕೂಡ. ಚಿತ್ರಕಾರನು ಬೇಡವಾದುದನ್ನು ಬಿಟ್ಟು ಬರೆಯಬಲ್ಲ. ಕ್ಯಾಮರಾಕ್ಕೆ ಆ ಸ್ವಾತಂತ್ರ್ಯವಿಲ್ಲ. ಸಂಶೋಧಕನಿಗೆ ಅದರಿಂದ ಆಗುವ ಉಪಕಾರದ ಮೂಲ ಇಲ್ಲಿಯೇ ಇದೆ.

ಆದರೂ ಈ ಕೆತ್ತನೆಗಳನ್ನು ಛಾಯಾಚಿತ್ರಗಳೆಂದೇ ಭಾವಿಸುವುದು ಸರಿಯಲ್ಲ. ಕೆತ್ತನೆಗಾರರು ದೃಶ್ಯವನ್ನು ಜೀವಂತಗೊಳಿಸಲು ಮನುಷ್ಯಾಕೃತಿಗಳನ್ನು ಸೇರಿಸುವುದು ಆಗಿನ ರೂಢಿ. ಅಂದಿನ ಫಲಕಗಳಿಗೆ ದೀರ್ಘ ಪ್ರಕಾಶನ ಕಾಲ ಬೇಕಿದ್ದುದರಿಂದ ನಡೆದಾಡುವ ಜನ ಅವುಗಳಲ್ಲಿ ಮೂಡುತ್ತಿರಲಿಲ್ಲ. ಇನ್ನೊಂದು ತೊಡಕು, ಡಾಗೆರೊಟೈಪ್ ಚಿತ್ರವು ಕನ್ನಡಿಯ ಬಿಂಬದಂತೆ ಎಡಬಲ ಅದಲುಬದಲಾಗಿ ಮೂಡುತ್ತದೆ ಎಂಬುದು. 1842ರಲ್ಲಿ ಅಥೆನ್ಸಿಗೆ ಬಂದ ಫ್ರೆಂಚ್ ವಿದ್ವಾಂಸ ಜೋಸೆಫ್ ಫಿಲಿಬೇರ್ ಗಿರೋ ದ ಪ್ರಾಂಜೆಯ ಮೂಲ ಫಲಕಗಳು ಅದೃಷ್ಟವಶಾತ್ ಉಳಿದಿವೆ. ಅವನು 1892ರಲ್ಲಿ ತೀರಿಕೊಂಡ ಮೇಲೆ ಅವನ ಮನೆಯ ಉಗ್ರಾಣದಲ್ಲಿ ದಶಕಗಳ ಕಾಲ ಬಿದ್ದಿದ್ದು, 1920ರ ದಶಕದಲ್ಲಿ ಪತ್ತೆಯಾದವು. ಅವುಗಳನ್ನು ಬಳಸುವಾಗ ಬಲಗಡೆಯ ಕಂಬ ವಾಸ್ತವದಲ್ಲಿ ಎಡಗಡೆಯದೆಂಬುದನ್ನು ನೆನಪಿನಲ್ಲಿಟ್ಟುಕೊಳ್ಳಬೇಕಾಗುತ್ತದೆ. ಕಂಬದ ಯಾವ ಮಗ್ಗುಲು ಒಡೆದಿತ್ತು, ಯಾವ ಕಲ್ಲು ಎಲ್ಲಿತ್ತು ಎಂಬ ಪ್ರಶ್ನೆ ಎದ್ದಾಗ ಇದು ಸಣ್ಣ ವಿಷಯವಾಗಿ ಉಳಿಯುವುದಿಲ್ಲ.

1850ರ ದಶಕದಲ್ಲಿ ಕಾಗದದ ನೆಗೆಟಿವ್ ಮತ್ತು ಅದರ ಬೆನ್ನಿಗೇ ಗಾಜಿನ ಫಲಕದ ಆರ್ದ್ರ ಕೊಲೋಡಿಯನ್ ವಿಧಾನ ಬಳಕೆಗೆ ಬಂದವು. ಫ್ರಾನ್ಸಿನ ಆಲ್ಫ್ರೆಡ್ ನಾರ್ಮಾನ್ ಮತ್ತು ಯೂಜೀನ್ ಪಿಯೊ, ಇಂಗ್ಲೆಂಡಿನ ಜೇಮ್ಸ್ ರಾಬರ್ಟ್‌ಸನ್, ಗ್ರೀಸಿನವರೇ ಆದ ಫಿಲಿಪ್ಪೊಸ್ ಮಾರ್ಗರಿಟಿಸ್ ಮತ್ತು ಡಿಮಿಟ್ರಿಯೊಸ್ ಕಾನ್‌ಸ್ಟಂಟಿನೂ ಮೊದಲಾದವರು ಈ ಕಾಲದಲ್ಲಿ ಕೆಲಸ ಮಾಡಿದರು. ಕೊಲೋಡಿಯನ್ ಫಲಕವನ್ನು ಲೇಪಿಸಿ, ಅದು ಒಣಗುವ ಮುನ್ನ ಚಿತ್ರ ತೆಗೆದು, ಕೂಡಲೇ ಸಂಸ್ಕರಿಸಬೇಕು. ನೆರಳಿಲ್ಲದ ಬಂಡೆಯ ಮೇಲೆ, ಬೇಸಗೆಯ ಬಿಸಿಲಿನಲ್ಲಿ, ಕತ್ತಲೆಯ ಗುಡಾರವೊಂದನ್ನು ಹೊತ್ತು ತಿರುಗಿ ಇದನ್ನು ಸಾಧಿಸಿದವರ ಶ್ರಮವನ್ನು ಇಂದು ಊಹಿಸುವುದೂ ಕಷ್ಟ.

ಕೆಡವಲ್ಪಟ್ಟ ಗೋಪುರ

ಈ ಎಲ್ಲ ಚಿತ್ರಗಳಲ್ಲಿಯೂ, ದೂರದಿಂದ ತೆಗೆದವುಗಳಲ್ಲಂತೂ ತಪ್ಪದೆ, ಕಾಣುವ ಒಂದು ಕಟ್ಟಡವಿದೆ. ಪ್ರೊಪಿಲಿಯಾದ ದಕ್ಷಿಣ ಪಾರ್ಶ್ವದಲ್ಲಿ ನೆಟ್ಟಗೆ ಮೇಲೇರಿದ, ಸುಮಾರು 26 ಮೀಟರ್ ಎತ್ತರದ ಚೌಕಾಕಾರದ ಗೋಪುರ. ಅಥೆನ್ಸಿನ ಯಾವ ದಿಕ್ಕಿನಿಂದ ನೋಡಿದರೂ ಮೊದಲು ಕಣ್ಣಿಗೆ ಬೀಳುತ್ತಿದ್ದುದು ಪಾರ್ಥೆನಾನಿನಷ್ಟೇ ಅದೂ ಕೂಡ. ಫ್ರಾಂಕಿಷ್ ಗೋಪುರವೆಂದು ಕರೆಯಲಾಗುವ ಇದು ಮಧ್ಯಯುಗದ ಡ್ಯೂಕರ ಕಾಲದ್ದು. ಅಕ್ಕಿಯಾಯುವೊಲಿ ಮನೆತನದವರು 14–15ನೆಯ ಶತಮಾನದಲ್ಲಿ ಕಟ್ಟಿಸಿದರೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. 13ನೆಯ ಶತಮಾನಕ್ಕೆ ಒಯ್ಯುವ ವಿದ್ವಾಂಸರೂ ಇದ್ದಾರೆ. ಬೆಟ್ಟದ ಮೇಲಿನ ಪ್ರಾಚೀನ ಕಟ್ಟಡಗಳ ಕಲ್ಲುಗಳನ್ನೇ ಅದಕ್ಕೆ ಬಳಸಲಾಗಿತ್ತು. ಕಾವಲು ಗೋಪುರವಾಗಿಯೂ ಸೆರೆಮನೆಯಾಗಿಯೂ ಉಪಯೋಗದಲ್ಲಿದ್ದ ಇದು ಗ್ರೀಸಿನ ಆಧುನಿಕ ಇತಿಹಾಸಕ್ಕೂ ಹೊರತಾಗಿರಲಿಲ್ಲ. ಸ್ವಾತಂತ್ರ್ಯ ಸಮರದ ಹೆಸರಾಂತ ನಾಯಕ ಒಡಿಸಿಯಸ್ ಆಂಡ್ರುಟ್ಸೊಸ್‌ನನ್ನು ಅವನದೇ ಪಕ್ಷದವರು ಸೆರೆಯಲ್ಲಿಟ್ಟದ್ದು ಈ ಗೋಪುರದಲ್ಲಿ. 1825ರಲ್ಲಿ ಅವನು ಕೊಲೆಯಾದದ್ದೂ ಇಲ್ಲಿಯೇ.

ಸ್ವತಂತ್ರ ಗ್ರೀಸಿನ ಮೊದಲ ದೊರೆ ಓಟೊ ಬವೇರಿಯಾದ ರಾಜಕುಮಾರ. 1834ರಲ್ಲಿ ಅವನ ಸಮ್ಮುಖದಲ್ಲಿ ಬವೇರಿಯಾದ ವಾಸ್ತುಶಿಲ್ಪಿ ಲಿಯೊ ಫಾನ್ ಕ್ಲೆಂಜೆ ಅಕ್ರೊಪೊಲಿಸ್‌ನ ಪುನರುದ್ಧಾರಕ್ಕೆ ವಿಧ್ಯುಕ್ತವಾಗಿ ನಾಂದಿ ಹಾಡಿದನು. ಪ್ರಾಚೀನ ಕಾಲದ ಅವಶೇಷಗಳನ್ನು ಉಳಿಸಿಕೊಂಡು, ತರುವಾಯದ ಸೇರ್ಪಡೆಗಳನ್ನು ತೆಗೆದುಹಾಕಬೇಕೆಂಬುದು ಅಂದು ರೂಪುಗೊಂಡ ಧೋರಣೆ. ತುರ್ಕರ ಮನೆಗಳು, ಕೊತ್ತಲಗಳು, ಮಸೀದಿ, ಚರ್ಚಿನ ಕುರುಹುಗಳು ಒಂದೊಂದಾಗಿ ಕಣ್ಮರೆಯಾದವು. 1852–53ರಲ್ಲಿ ಫ್ರೆಂಚ್ ಪುರಾತತ್ತ್ವಜ್ಞ ಅರ್ನೆಸ್ಟ್ ಬ್ಯೂಲೆ ಪಶ್ಚಿಮದ ಇಳಿಜಾರಿನಲ್ಲಿದ್ದ ಕೊತ್ತಲವನ್ನು ಮದ್ದು ಹಾಕಿ ಒಡೆದು, ಅದರ ಕೆಳಗಿದ್ದ ರೋಮನ್ ಕಾಲದ ದ್ವಾರವನ್ನು ಹೊರತೆಗೆದನು. ಕೊನೆಗೆ, 1875ರಲ್ಲಿ ಫ್ರಾಂಕಿಷ್ ಗೋಪುರದ ಸರದಿ ಬಂದಿತು. ಕೆಡಹುವ ವೆಚ್ಚವನ್ನು ಭರಿಸಿದವನು ಟ್ರಾಯ್ ಉತ್ಖನನದಿಂದ ಪ್ರಸಿದ್ಧನಾದ ಹೈನ್‌ರಿಖ್ ಶ್ಲೀಮನ್. ಇಂಗ್ಲೆಂಡಿನ ಇತಿಹಾಸಕಾರ ಇ. ಎ. ಫ್ರೀಮನ್ ಇದನ್ನು ಕಟುವಾಗಿ ಖಂಡಿಸಿದನು. ಗೋಪುರದ ಕಲ್ಲುಗಳ ನಡುವೆ ಪ್ರಾಚೀನ ಶಾಸನಗಳು ಸಿಕ್ಕಾವೆಂಬ ನಿರೀಕ್ಷೆಯೂ ಈ ಕಾರ್ಯಕ್ಕೆ ಒಂದು ಪ್ರೇರಣೆಯಾಗಿತ್ತು. ಒಂದು ಕಾಲದ ಶಾಸನಕ್ಕಾಗಿ ಇನ್ನೊಂದು ಕಾಲದ ಕಟ್ಟಡವನ್ನೇ ಬಲಿಗೊಡುವುದು ಯುಕ್ತವೆಂದು ಅಂದಿನ ಬಹುಮಂದಿ ವಿದ್ವಾಂಸರಿಗೆ ತೋರಿದ್ದು ಇಂದು ಆಶ್ಚರ್ಯವೆನಿಸುತ್ತದೆ. ಕೆಡಹುವ ಮೊದಲು ಇಂದಿನ ಅರ್ಥದಲ್ಲಿ ಕೂಲಂಕಷವಾದ ದಾಖಲಾತಿ ನಡೆಯಲಿಲ್ಲ. ಆ ಕಾರಣದಿಂದ, ಪ್ರವಾಸಿಗರಿಗೆ ಮಾರಲು ತೆಗೆದ ಛಾಯಾಚಿತ್ರಗಳೇ ಇಂದು ಆ ಗೋಪುರದ ಎತ್ತರ, ಕಿಟಕಿಗಳು, ಕಲ್ಲಿನ ಜೋಡಣೆ ಇವುಗಳ ಅಧ್ಯಯನಕ್ಕೆ ಮುಖ್ಯ ಆಧಾರವಾಗಿವೆ. ಮಾರಾಟದ ಸರಕು ಶಾಸನದಷ್ಟೇ ಬೆಲೆಯುಳ್ಳ ಆಕರವಾದ ನಿದರ್ಶನವಿದು.

ನಾವು ಇಂದು ಕಾಣುವ ಅಕ್ರೊಪೊಲಿಸ್, ನಾಲ್ಕು ಪ್ರಾಚೀನ ಕಟ್ಟಡಗಳು ಬೋಳುಬಂಡೆಯ ಮೇಲೆ ಬಿಡಿಬಿಡಿಯಾಗಿ ನಿಂತ ಆ ದೃಶ್ಯ, ಹೀಗೆ ಬಹುಮಟ್ಟಿಗೆ 19ನೆಯ ಶತಮಾನದ ನಿರ್ಮಿತಿ. 1885ರಿಂದ 1890ರವರೆಗೆ ಪನಾಯಿಯೋಟಿಸ್ ಕವ್ವಾಡಿಯಾಸ್‌ನ ನೇತೃತ್ವದ ಉತ್ಖನನ ಬೆಟ್ಟದ ಮೇಲಿನ ಮಣ್ಣನ್ನು ತಳಬಂಡೆಯವರೆಗೂ ಬಗೆದು ತೆಗೆಯಿತು. ಪ್ರಾಚೀನ ಕಾಲದಲ್ಲಿಯೂ ಬೆಟ್ಟ ಹೀಗೆ ಬೋಳಾಗಿರಲಿಲ್ಲ. ಆಗ ಅಲ್ಲಿ ಪ್ರತಿಮೆಗಳು, ಬಲಿಪೀಠಗಳು, ಹರಕೆಯ ಕಂಬಗಳು ಕಿಕ್ಕಿರಿದಿದ್ದವು. ಈ ಉತ್ಖನನದಲ್ಲಿ 1886ರಲ್ಲಿ ಎರೆಕ್ಥಿಯಾನಿನ ಬಳಿ ದೊರೆತ ಕೋರೆ ಎಂಬ ಸ್ತ್ರೀಪ್ರತಿಮೆಗಳ ಮೇಲೆ ಕೆಂಪು, ನೀಲಿ ಮೊದಲಾದ ಬಣ್ಣಗಳು ಇನ್ನೂ ಉಳಿದಿದ್ದವು. ಮಣ್ಣಿನಿಂದ ಹೊರಬಂದ ಮೇಲೆ ಅವು ಮಂಕಾಗತೊಡಗಿದವು. ಅಂದಿನ ಛಾಯಾಚಿತ್ರಕ್ಕೆ ಬಣ್ಣವನ್ನು ಹಿಡಿಯುವ ಶಕ್ತಿಯಿರಲಿಲ್ಲ. ಆ ವರ್ಣಗಳ ದಾಖಲೆ ನಮಗೆ ಉಳಿದಿರುವುದು ಎಮಿಲ್ ಜಿಲಿಯೆರಾನ್ ಬರೆದ ಜಲವರ್ಣ ಚಿತ್ರಗಳಲ್ಲಿ. ಕ್ಯಾಮರಾ ಬಂದೊಡನೆ ಕುಂಚದ ಕೆಲಸ ಮುಗಿಯಿತೆಂದು ಭಾವಿಸುವವರು ಈ ಪ್ರಸಂಗವನ್ನು ಗಮನಿಸಬೇಕು. ಕಪ್ಪುಬಿಳುಪಿನ ಛಾಯಾಚಿತ್ರ ಗ್ರೀಕ್ ಶಿಲ್ಪ ಬೆಳ್ಳಗೆ ಇತ್ತೆಂಬ ಪೂರ್ವಗ್ರಹವನ್ನು ಹುಟ್ಟುಹಾಕಲಿಲ್ಲ, ಅದು ಮೊದಲೇ ಇತ್ತು. ಆದರೆ ಅದನ್ನು ಮನೆಮನೆಗೆ ತಲುಪಿಸಿತು.

ಸ್ಟಿಲ್‌ಮನ್‌ನ ಚಿತ್ರಸಂಪುಟ

ಈ ಕಾಲದ ಕೃತಿಗಳಲ್ಲಿ ವಿಶೇಷ ಪರಿಶೀಲನೆಗೆ ಅರ್ಹವಾದುದು ಅಮೆರಿಕದ ವಿಲಿಯಂ ಜೇಮ್ಸ್ ಸ್ಟಿಲ್‌ಮನ್ 1870ರಲ್ಲಿ ಲಂಡನ್ನಿನಿಂದ ಪ್ರಕಟಿಸಿದ ಅಕ್ರೊಪೊಲಿಸ್‌ನ ಚಿತ್ರಸಂಪುಟ. ಸ್ಟಿಲ್‌ಮನ್ ಮೂಲತಃ ಚಿತ್ರಕಾರ ಮತ್ತು ಪತ್ರಕರ್ತ. ಕ್ರೀಟ್ ದ್ವೀಪದಲ್ಲಿ ಅಮೆರಿಕದ ಕಾನ್ಸಲ್ ಆಗಿದ್ದವನು. ಕ್ರೀಟ್ ಬಂಡಾಯದ ಕಾಲದ ಕಷ್ಟಗಳ ಬಳಿಕ ಅಥೆನ್ಸಿಗೆ ಬಂದಾಗ ಅವನ ಪತ್ನಿ ಆತ್ಮಹತ್ಯೆ ಮಾಡಿಕೊಂಡಳು. 1869ರ ಆ ದುಃಖದ ದಿನಗಳ ಸುಮಾರಿಗೇ ಅವನು ಬೆಟ್ಟದ ಮೇಲೆ ಈ ಕೆಲಸಕ್ಕೆ ತೊಡಗಿದ್ದನು. ಸಂಪುಟದಲ್ಲಿ 25 ಚಿತ್ರಗಳಿವೆ. ಕಾಲಕ್ರಮದಲ್ಲಿ ಮಾಸದ ಕಾರ್ಬನ್ ವಿಧಾನದಲ್ಲಿ ಅವುಗಳನ್ನು ಮುದ್ರಿಸಲಾಯಿತು. ಚಿತ್ರಗಳ ಅನುಕ್ರಮ ಯೋಚಿಸಿ ಇಟ್ಟದ್ದು. ಮೊದಲು ದೂರದ ಗುಡ್ಡದಿಂದ ಕಾಣುವ ಬೆಟ್ಟ, ಬಳಿಕ ಮಹಾದ್ವಾರ, ಬಳಿಕ ಪಾರ್ಥೆನಾನ್. ಓದುಗನು ಕುಳಿತಲ್ಲಿಂದಲೇ ಬೆಟ್ಟವನ್ನು ಏರುತ್ತಾನೆ. ಫ್ರಾಂಕಿಷ್ ಗೋಪುರ ಅವನ ಚಿತ್ರಗಳಲ್ಲಿ ಇನ್ನೂ ನಿಂತಿದೆ. ಅದಕ್ಕೆ ಉಳಿದಿದ್ದುದು ಆರು ವರ್ಷ.

ಸಂಶೋಧನೆಯ ದೃಷ್ಟಿಯಿಂದ ಇಲ್ಲಿ ಅತ್ಯಂತ ಮೌಲಿಕವಾದ ಚಿತ್ರವೆಂದರೆ ಪಾರ್ಥೆನಾನಿನ ಪೂರ್ವಮುಖದ ಜಗತಿಯ ಬಾಗುವನ್ನು ತೋರಿಸುವಂಥದು. ಪಾರ್ಥೆನಾನಿನ ಜಗತಿ ನೋಡಲು ಸಮತಟ್ಟಾಗಿದ್ದರೂ ವಾಸ್ತವದಲ್ಲಿ ನಡುಭಾಗದಲ್ಲಿ ಉಬ್ಬಿದೆ. ಸುಮಾರು 31 ಮೀಟರ್ ಅಗಲದ ಕಿರುಬದಿಗಳಲ್ಲಿ ಈ ಉಬ್ಬು 6 ಸೆಂಟಿಮೀಟರ್, ಸುಮಾರು 69.5 ಮೀಟರ್ ಉದ್ದದ ಬದಿಗಳಲ್ಲಿ 11 ಸೆಂಟಿಮೀಟರಿನ ಆಸುಪಾಸು. ಕಂಬಗಳು ನೆಟ್ಟಗಿರದೆ ಒಳಮುಖವಾಗಿ ತುಸುವೇ ಓರೆಯಾಗಿವೆ. ಮೂಲೆಯ ಕಂಬಗಳು ಉಳಿದವಕ್ಕಿಂತ ಕೊಂಚ ದಪ್ಪ. ಇಂಗ್ಲೆಂಡಿನ ಎಫ್. ಸಿ. ಪೆನ್‌ರೋಸ್ ಇವುಗಳನ್ನು ಸೂಕ್ಷ್ಮವಾಗಿ ಅಳೆದು 1851ರಲ್ಲಿ ಪ್ರಕಟಿಸಿದ್ದನು. ಅಳತೆಯಲ್ಲಿ ಸಿದ್ಧವಾದುದನ್ನು ಕಣ್ಣಿಗೆ ಕಾಣುವಂತೆ ಮಾಡಿದವನು ಸ್ಟಿಲ್‌ಮನ್. ಎದುರಿನಿಂದ ಚಿತ್ರ ತೆಗೆದರೆ 31 ಮೀಟರಿಗೆ 6 ಸೆಂಟಿಮೀಟರಿನ ಏರು ಕಾಣಿಸುವುದೇ ಇಲ್ಲ. ಅವನು ಕ್ಯಾಮರಾವನ್ನು ಜಗತಿಯ ಒಂದು ತುದಿಯಲ್ಲಿ, ಮೆಟ್ಟಿಲಿನ ಅಂಚಿನ ನೇರಕ್ಕೆ ಇಟ್ಟು, ಇಡೀ ಉದ್ದವನ್ನು ಕಿರಿದುಗೊಳಿಸಿ ನೋಡಿದನು. ಆಗ ಏರು ಹಾಗೆಯೇ ಉಳಿದು ಉದ್ದ ಕುಗ್ಗುವುದರಿಂದ ಬಾಗು ಎದ್ದು ಕಾಣುತ್ತದೆ. ಬಡಗಿಯು ಹಲಗೆ ನೇರವಾಗಿದೆಯೇ ಎಂದು ಒಂದು ಕಣ್ಣು ಮುಚ್ಚಿ ತುದಿಯಿಂದ ನೋಡುವ ಕ್ರಮವೇ ಇದು.

ಈ ಚಿತ್ರದ ಮಹತ್ವ ತಿಳಿಯಬೇಕಾದರೆ ಕ್ಯಾಮರಾದ ದೋಷಗಳನ್ನೂ ತಿಳಿದಿರಬೇಕು. ಕಟ್ಟಡದ ಬುಡದಲ್ಲಿ ನಿಂತು ಕ್ಯಾಮರಾವನ್ನು ಮೇಲಕ್ಕೆ ಓರೆ ಮಾಡಿದರೆ ಯಾವ ಕಟ್ಟಡದ ಕಂಬಗಳೂ ಮೇಲ್ಗಡೆ ಒಂದರತ್ತ ಒಂದು ಬಾಗಿದಂತೆ ಕಾಣುತ್ತವೆ. ಪಾರ್ಥೆನಾನಿನ ಕಂಬಗಳಲ್ಲಿ ನಿಜವಾದ ಓರೆಯೂ ಇದೆ. ಇವೆರಡನ್ನು ಚಿತ್ರದಲ್ಲಿ ಬೇರ್ಪಡಿಸುವುದು ಸುಲಭವಲ್ಲ. ವಿಶಾಲಕೋನದ ಮಸೂರಗಳು ಚೌಕಟ್ಟಿನ ಅಂಚಿನ ಸರಳರೇಖೆಗಳನ್ನು ಬಾಗಿಸುತ್ತವೆ. ಆ ಬಾಗು ಜಗತಿಯ ನಿಜವಾದ ಉಬ್ಬನ್ನು ಹೆಚ್ಚಿಸಿಯೂ ತೋರಿಸಬಹುದು, ಅಳಿಸಿಯೂ ಹಾಕಬಹುದು. ಇಂದಿನ ಪ್ರವಾಸಿಗನ ಕೈಯ ಫೋನು ಇಂಥ ಬಾಗುಗಳನ್ನು ತಾನಾಗಿಯೇ ತಿದ್ದುತ್ತದೆ. ಹೀಗೆ ತಿದ್ದಿದ ಚಿತ್ರದಿಂದ ಪಾರ್ಥೆನಾನಿನ ರೇಖೆಗಳ ಬಗೆಗೆ ತೀರ್ಮಾನಕ್ಕೆ ಬರುವುದು ಸಲ್ಲದು. ಮಸೂರವನ್ನು ಮೇಲಕ್ಕೆ ಸರಿಸಬಲ್ಲ, ಫಲಕವನ್ನು ನೆಟ್ಟಗಿಡಬಲ್ಲ ದೊಡ್ಡ ಕ್ಯಾಮರಾಗಳನ್ನೇ ವಾಸ್ತುಚಿತ್ರಕಾರರು ಬಹುಕಾಲ ಬಳಸಿದ್ದಕ್ಕೆ ಕಾರಣ ಇದೇ.

ವರ್ಣದ ವಿಷಯದಲ್ಲಿಯೂ ಎಚ್ಚರ ಅಗತ್ಯ. ಪೆಂಟೆಲಿಕಾನ್ ಬೆಟ್ಟದಿಂದ ತಂದ ಅಮೃತಶಿಲೆಯಲ್ಲಿ ಕಬ್ಬಿಣದ ಅಂಶ ಇರುವುದರಿಂದ ಅದು ಕಾಲಾಂತರದಲ್ಲಿ ಜೇನಿನ ಬಣ್ಣ ತಳೆಯುತ್ತದೆ. ಕೊಲೋಡಿಯನ್ ಫಲಕ ನೀಲಿ ಬೆಳಕಿಗೆ ಮಾತ್ರ ಚೆನ್ನಾಗಿ ಸ್ಪಂದಿಸುತ್ತಿದ್ದಿತು. ಅದರಲ್ಲಿ ಹಳದಿ, ಕಂದು ಬಣ್ಣಗಳು ಕಪ್ಪಾಗಿಯೂ ಆಕಾಶ ಬರಿಯ ಬಿಳುಪಾಗಿಯೂ ಮೂಡುತ್ತವೆ. 1860ರ ದಶಕದ ಚಿತ್ರಗಳಲ್ಲಿ ಕಂಬಗಳ ಮೇಲೆ ಕಾಣುವ ಕಪ್ಪು ಪಟ್ಟೆಗಳನ್ನು ಮಸಿಯೆಂದೋ ಬೆಂಕಿಯ ಕಲೆಯೆಂದೋ ಓದುವ ಮುನ್ನ ಈ ಅಂಶವನ್ನು ಪರಿಗಣಿಸಬೇಕು.

ಯಾವ ಕೋನ, ಯಾವ ಹೊತ್ತು

ಪಾರ್ಥೆನಾನಿನ ಅತ್ಯಂತ ಪರಿಚಿತ ಚಿತ್ರ ಪ್ರೊಪಿಲಿಯಾವನ್ನು ದಾಟಿದೊಡನೆ ಕಾಣುವ ವಾಯವ್ಯ ಮೂಲೆಯದು. ಪಶ್ಚಿಮ ಮತ್ತು ಉತ್ತರ ಬದಿಗಳೆರಡೂ ಒಟ್ಟಿಗೆ ಕಾಣುವ ಆ ದೃಷ್ಟಿಕೋನ ಪ್ರಾಚೀನ ಯಾತ್ರಿಕನಿಗೂ ಮೊದಲು ದೊರೆಯುತ್ತಿದ್ದುದೇ. ಆದರೆ ದೇಗುಲದ ಪ್ರವೇಶದ್ವಾರ ಇದ್ದದ್ದು ಪೂರ್ವದಲ್ಲಿ. ಅಂದರೆ ಜಗತ್ಪ್ರಸಿದ್ಧವಾದ ಈ ಚಿತ್ರ ತೋರಿಸುವುದು ದೇಗುಲದ ಹಿಂಬದಿಯನ್ನು. ಪೂರ್ವಮುಖವನ್ನು ಚಿತ್ರಿಸುವವರು ಮುಂಜಾನೆಯನ್ನೂ ಪಶ್ಚಿಮಮುಖವನ್ನು ಚಿತ್ರಿಸುವವರು ಇಳಿಹೊತ್ತನ್ನೂ ಆರಿಸಿಕೊಂಡರು. ನಡುಹಗಲಿನ ಬೆಳಕಿನಲ್ಲಿ ಕಂಬದ ಮೈಮೇಲಿನ 20 ಗಾಡಿಗಳ ನೆರಳು ಕುಂದಿ, ಕಲ್ಲು ಚಪ್ಪಟೆಯಾಗಿ ಕಾಣುತ್ತದೆ. ನಗರದ ನೈಋತ್ಯದಲ್ಲಿರುವ ಫಿಲೊಪಾಪ್ಪೊಸ್ ಗುಡ್ಡದಿಂದ ತೆಗೆದ ದೂರದ ನೋಟ 19ನೆಯ ಶತಮಾನದಿಂದ ಇಂದಿನವರೆಗೂ ಪುನರಾವರ್ತನೆಯಾಗುತ್ತ ಬಂದಿದೆ. ಈ ಪುನರಾವರ್ತನೆಯನ್ನು ಕಲಾವಿಮರ್ಶಕರು ಜಡತೆಯೆಂದು ಹಳಿಯಬಹುದು. ಇತಿಹಾಸಕಾರನಿಗೆ ಅದು ವರದಾನ. ಒಂದೇ ಸ್ಥಳದಿಂದ ನೂರೈವತ್ತಕ್ಕೂ ಹೆಚ್ಚು ವರ್ಷ ತೆಗೆದ ಚಿತ್ರಗಳನ್ನು ಸಾಲಾಗಿ ಇಟ್ಟರೆ ಬೆಟ್ಟದ ಮೇಲಿನ ಪ್ರತಿಯೊಂದು ಬದಲಾವಣೆಯೂ ತಾನಾಗಿ ಮಾತನಾಡುತ್ತದೆ.

20ನೆಯ ಶತಮಾನದ ಛಾಯಾಚಿತ್ರಕಾರರು ದಾಖಲೆಗಿಂತ ಭಾವಕ್ಕೆ ಒತ್ತು ಕೊಟ್ಟರು. 1903ರಿಂದ ಗ್ರೀಸಿನಲ್ಲಿ ಸಂಚರಿಸಿದ ಸ್ವಿಟ್ಜರ್ಲೆಂಡಿನ ಫ್ರೆಡ್ ಬುವಾಸನಾ ಮೋಡ, ಮಳೆ, ಸಂಜೆಗಳನ್ನು ಕಾದು ಪಾರ್ಥೆನಾನನ್ನು ಚಿತ್ರಿಸಿದನು. ಮ್ಯಾಕ್ಸಿಂ ಕಾಲಿನ್ಯೋನ್‌ನ ಗ್ರಂಥಕ್ಕಾಗಿ ತೆಗೆದ ಆ ಚಿತ್ರಗಳನ್ನು ವಾಸ್ತುಶಿಲ್ಪಿ ಲ ಕಾರ್ಬೂಸಿಯೆ 1923ರ ತನ್ನ ಕೃತಿಯಲ್ಲಿ ಬಳಸಿಕೊಂಡು ಆಧುನಿಕ ವಾಸ್ತುಶಿಲ್ಪದ ವಾದವನ್ನೇ ಕಟ್ಟಿದನು. ಎಡ್ವರ್ಡ್ ಸ್ಟೈಕನ್ 1920ರ ದಶಕದ ಆರಂಭದಲ್ಲಿ ನರ್ತಕಿ ಇಸಡೊರಾ ಡಂಕನ್‌ಳನ್ನು ಪಾರ್ಥೆನಾನಿನ ದ್ವಾರದಲ್ಲಿ ಚಿತ್ರಿಸಿದನು. ನೆಲ್ಲೀಸ್ ಎಂಬ ಹೆಸರಿನಿಂದ ಖ್ಯಾತಳಾದ ಗ್ರೀಕ್ ಛಾಯಾಚಿತ್ರಕಾರ್ತಿ ಅದೇ ದಶಕದಲ್ಲಿ ಕಂಬಗಳ ನಡುವೆ ವಿವಸ್ತ್ರ ನರ್ತಕಿಯರ ಚಿತ್ರ ತೆಗೆದದ್ದು ಅಥೆನ್ಸಿನಲ್ಲಿ ದೊಡ್ಡ ಗದ್ದಲಕ್ಕೆ ಕಾರಣವಾಯಿತು. ಅವಳ ಚಿತ್ರಭಂಡಾರ ಈಗ ಅಲ್ಲಿನ ಬೆನಾಕಿ ಮ್ಯೂಸಿಯಂನಲ್ಲಿದೆ. ಇವೆಲ್ಲವೂ ಕಲೆಯ ದೃಷ್ಟಿಯಿಂದ ಮನೋಹರವಾದವು. ಆದರೆ ಕಟ್ಟಡದ ಸ್ಥಿತಿಗತಿಯ ಬಗೆಗೆ ಇವು ಹೇಳುವುದು ತೀರ ಕಡಮೆ ಎಂಬುದು ಪ್ರಸ್ತುತ ಲೇಖಕನ ಅಭಿಪ್ರಾಯ. ಅಡಿಬರಹದಲ್ಲಿ ತಾರೀಖಿಲ್ಲದ ಒಂದು ಅಂಚೆಕಾರ್ಡು ಕೆಲವೊಮ್ಮೆ ಇವುಗಳಿಗಿಂತ ಹೆಚ್ಚಿನ ಉಪಯೋಗಕ್ಕೆ ಬರುತ್ತದೆ.

ತಾರೀಖಿಲ್ಲದ ಚಿತ್ರದ ಕಾಲನಿರ್ಣಯಕ್ಕೆ ಕಟ್ಟಡವೇ ನೆರವಾಗುತ್ತದೆ. ಮಸೀದಿ ಇದ್ದರೆ ಅದು ಛಾಯಾಚಿತ್ರಕಲೆಯ ಮೊದಲ ಮೂರು ನಾಲ್ಕು ವರ್ಷಗಳದ್ದು. ಗೋಪುರ ಕಂಡರೆ 1875ಕ್ಕೆ ಹಿಂದಿನದು. ಗೋಪುರವಿಲ್ಲದೆ, ಪಾರ್ಥೆನಾನಿನ ಉತ್ತರದ ಕಂಬಸಾಲಿನಲ್ಲಿ 1687ರ ಸ್ಫೋಟದಿಂದಾದ ದೊಡ್ಡ ತೆರಪು ಕಂಡರೆ ಅದು 1875ಕ್ಕೂ 1920ರ ದಶಕಕ್ಕೂ ನಡುವಿನದು. ಏಕೆಂದರೆ ಆ ಕಂಬಸಾಲನ್ನು ನಿಕೊಲಾಸ್ ಬಲನೋಸ್ ಎಂಬ ಇಂಜಿನಿಯರ್ 1922ರಲ್ಲಿ ಮತ್ತೆ ನಿಲ್ಲಿಸಲು ತೊಡಗಿ 1930ರ ಸುಮಾರಿಗೆ ಮುಗಿಸಿದನು. ನೈಕಿ ಗುಡಿಯ ಕಥೆ ಇನ್ನೂ ಸ್ವಾರಸ್ಯದ್ದು. 1686ರಲ್ಲಿ ತುರ್ಕರು ಫಿರಂಗಿಗಳನ್ನು ಇಡಲು ಅದನ್ನು ಬಿಚ್ಚಿದ್ದರು. 1835–36ರಲ್ಲಿ ಅದೇ ಕಲ್ಲುಗಳಿಂದ ಮತ್ತೆ ಕಟ್ಟಲಾಯಿತು. 1935–40ರಲ್ಲಿ ಇನ್ನೊಮ್ಮೆ ಬಿಚ್ಚಿ ಕಟ್ಟಿದರು, 2000–2010ರಲ್ಲಿ ಮತ್ತೊಮ್ಮೆ. ಛಾಯಾಚಿತ್ರ ಕಂಡ ಪ್ರಾಚೀನ ಗುಡಿ ಯಾವಾಗಲೂ ಜೀರ್ಣೋದ್ಧಾರಗೊಂಡ ಗುಡಿಯೇ.

ಬಲನೋಸನ ಕಾರ್ಯದಲ್ಲಿ ಎರಡು ನ್ಯೂನತೆಗಳು ಮುಂದೆ ಬೆಳಕಿಗೆ ಬಂದವು. ಕಂಬದ ಬಿಲ್ಲೆಗಳಲ್ಲಿ ಹಲವನ್ನು ಅವುಗಳ ಮೂಲಸ್ಥಾನದಲ್ಲಿ ಇಟ್ಟಿರಲಿಲ್ಲ. ಕಲ್ಲುಗಳನ್ನು ಬಂಧಿಸಲು ಬಳಸಿದ ಕಬ್ಬಿಣ ತುಕ್ಕು ಹಿಡಿದು ಉಬ್ಬಿ ಅಮೃತಶಿಲೆಯನ್ನು ಸೀಳತೊಡಗಿತು. ಪ್ರಾಚೀನರು ಕಬ್ಬಿಣದ ಕೊಂಡಿಗಳಿಗೆ ಸೀಸವನ್ನು ಎರಕ ಹೊಯ್ದು ಈ ಅಪಾಯವನ್ನು ತಪ್ಪಿಸಿದ್ದರು. 1975ರಲ್ಲಿ ರಚನೆಯಾದ ಅಕ್ರೊಪೊಲಿಸ್ ಸ್ಮಾರಕಗಳ ಸಂರಕ್ಷಣಾ ಸಮಿತಿಯ ಆಶ್ರಯದಲ್ಲಿ ಹಿಂದಿನ ಕೊಂಡಿಗಳನ್ನು ತೆಗೆದು ಟೈಟೇನಿಯಂ ಬಳಸಿ ಕಲ್ಲುಗಳನ್ನು ಮರುಜೋಡಿಸುವ ಕಾರ್ಯ ನಡೆದುಬಂದಿದೆ. ಪಾರ್ಥೆನಾನಿನ ಅಧ್ಯಯನದಲ್ಲಿ ಮನೋಲಿಸ್ ಕೊರ್ರೆಸ್ ಅವರ ಹೆಸರು ಪ್ರಮುಖವಾದುದು. ಸೊಕ್ರಾಟಿಸ್ ಮಾವ್ರೊಮ್ಮಾಟಿಸ್ ಅವರು ದಶಕಗಳ ಕಾಲ ಈ ಕಾರ್ಯದ ಪ್ರತಿ ಹಂತವನ್ನೂ ಛಾಯಾಚಿತ್ರಗಳಲ್ಲಿ ದಾಖಲಿಸಿದ್ದಾರೆ. ಎರೆಕ್ಥಿಯಾನಿನ ಸ್ತ್ರೀಮೂರ್ತಿಗಳನ್ನು ವಾಯುಮಾಲಿನ್ಯದಿಂದ ಕಾಪಾಡಲು 1979ರಲ್ಲಿ ವಸ್ತುಸಂಗ್ರಹಾಲಯಕ್ಕೆ ಸಾಗಿಸಿ, ಅವುಗಳ ಜಾಗದಲ್ಲಿ ಪ್ರತಿಕೃತಿಗಳನ್ನು ನಿಲ್ಲಿಸಲಾಯಿತು. ಪಾರ್ಥೆನಾನಿನ ಪಶ್ಚಿಮ ಪಟ್ಟಿಕೆಯನ್ನು 1993ರಲ್ಲಿ ಇಳಿಸಲಾಯಿತು. 2009ರ ಜೂನಿನಲ್ಲಿ ತೆರೆದ ಹೊಸ ಅಕ್ರೊಪೊಲಿಸ್ ಮ್ಯೂಸಿಯಂನಲ್ಲಿ ಇವು ಈಗ ಇವೆ. ಹಾಗಾಗಿ ಇಂದಿನ ಪ್ರವಾಸಿ ಎರೆಕ್ಥಿಯಾನಿನ ಮುಂದೆ ನಿಂತು ತೆಗೆಯುವುದು ಪ್ರತಿಕೃತಿಗಳ ಚಿತ್ರ. ದಶಕಗಳಿಂದ ಚಿತ್ರಗಳಲ್ಲಿ ಕಾಣುತ್ತ ಬಂದಿರುವ ಸಾರುವೆ, ಕ್ರೇನುಗಳನ್ನು ಅನೇಕರು ಅಡಚಣೆಯೆಂದು ಬಗೆದು ಕತ್ತರಿಸಿ ಬಿಡುತ್ತಾರೆ. ಮುಂದಿನ ಸಂಶೋಧಕನಿಗೆ ಗೋಪುರ ಎಷ್ಟು ಮುಖ್ಯವೋ ಆ ಸಾರುವೆಯೂ ಅಷ್ಟೇ ಮುಖ್ಯವಾದೀತು.

ಕರ್ನಾಟಕದ ಅಧ್ಯಯನಕಾರರಿಗೆ ಈ ವಿಷಯ ಅಪರಿಚಿತವಲ್ಲ. ಜೇಮ್ಸ್ ಫರ್ಗ್ಯುಸನ್ ತನ್ನ 1876ರ ಭಾರತೀಯ ವಾಸ್ತುಶಿಲ್ಪದ ಇತಿಹಾಸದಲ್ಲಿ ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯವನ್ನು ಪಾರ್ಥೆನಾನಿನೊಡನೆ ಹೋಲಿಸಿ, ಇವೆರಡೂ ವಾಸ್ತುಕಲೆಯ ಎರಡು ತುದಿಗಳೆಂಬ ಅರ್ಥದ ಮಾತು ಹೇಳಿದ್ದು ಪ್ರಸಿದ್ಧವಾಗಿದೆ. ಅವನ ಭಾರತೀಯ ಅಧ್ಯಯನಕ್ಕೆ ಛಾಯಾಚಿತ್ರಗಳೇ ದೊಡ್ಡ ಆಸರೆ; ಧಾರವಾಡ ಮತ್ತು ಮೈಸೂರು ಪ್ರಾಂತಗಳ ವಾಸ್ತುಶಿಲ್ಪವನ್ನು ಕುರಿತ 1866ರ ಛಾಯಾಚಿತ್ರ ಸಂಪುಟಕ್ಕೆ ಮೆಡೋಸ್ ಟೇಲರನೊಡನೆ ವಿವರಣೆ ಬರೆದವನೂ ಅವನೇ. 1883ರಲ್ಲಿ ಅವನು ಪಾರ್ಥೆನಾನಿನೊಳಕ್ಕೆ ಬೆಳಕು ಹೇಗೆ ಬರುತ್ತಿತ್ತೆಂಬುದನ್ನು ಕುರಿತು ಒಂದು ಗ್ರಂಥವನ್ನೂ ಬರೆದನು. ನಾರ್ಮಾನ್, ಪಿಯೊ ಮೊದಲಾದವರು ಕಾಗದದ ನೆಗೆಟಿವ್ ಹಿಡಿದು ಅಕ್ರೊಪೊಲಿಸ್ ಏರಿದ ದಶಕದಲ್ಲಿಯೇ, 1856ರಲ್ಲಿ, ಅಲೆಕ್ಸಾಂಡರ್ ಗ್ರೀನ್‌ಲಾ ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳಲ್ಲಿ ಹಂಪಿಯನ್ನು ದಾಖಲಿಸಿದ್ದನು. 1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಅವರು ಅದೇ ಸ್ಥಳಗಳಲ್ಲಿ ನಿಂತು ಮತ್ತೆ ಚಿತ್ರ ತೆಗೆದರು. ಎರಡನ್ನೂ ಎದುರುಬದಿರು ಇಟ್ಟ ಗ್ರಂಥವನ್ನು ಜಾರ್ಜ್ ಮಿಚೆಲ್ ಅವರು ಸಂಪಾದಿಸಿದ್ದಾರೆ.

ಅಥೆನ್ಸಿನಲ್ಲಿ ಇಂಥ ಹೋಲಿಕೆಗೆ ಒದಗುವ ಸಾಮಗ್ರಿ ಇದಕ್ಕಿಂತಲೂ ವಿಪುಲವಾಗಿದೆ. ಎಲ್ಗಿನ್‌ನ ಜನ 1802ರ ಸುಮಾರಿಗೆ ಪಶ್ಚಿಮ ಪಟ್ಟಿಕೆಯ ಮೇಲೆ ತೆಗೆದ ಗಾರೆಯ ಅಚ್ಚುಗಳು, 19ನೆಯ ಶತಮಾನದ ಫಲಕಗಳು, ಅಲಿಸನ್ ಫ್ರಾಂಟ್ಸ್ ತೆಗೆದು 1975ರಲ್ಲಿ ಮಾರ್ಟಿನ್ ರಾಬರ್ಟ್‌ಸನ್‌ನ ಪಠ್ಯದೊಡನೆ ಪ್ರಕಟವಾದ ಪಟ್ಟಿಕೆಯ ಚಿತ್ರಗಳು, 2007–2009ರಲ್ಲಿ ನಡೆದ ಮೂರು ಆಯಾಮಗಳ ಸ್ಕ್ಯಾನಿಂಗ್, ಇವುಗಳನ್ನು ಕ್ರಮವಾಗಿ ಹೋಲಿಸಿದರೆ ಯಾವ ಕುದುರೆಯ ಮೂಗು, ಯಾವ ಸವಾರನ ಕೈ ಯಾವ ಅವಧಿಯಲ್ಲಿ ಸವೆದುಹೋಯಿತೆಂಬುದನ್ನು ನಿರ್ಧರಿಸಲು ಸಾಧ್ಯ. ಮಳೆ, ಹೊಗೆ, ಮನುಷ್ಯ ಇವರಲ್ಲಿ ಯಾರ ಪಾಲು ಎಷ್ಟು ಎಂಬುದು ತಿಳಿಯುವುದು ಆ ಬಳಿಕ.